ಫಿಲ್ಟರಿಗೂ ಹೆಪ್ಪು ಬೇಕು

ನಮ್ಮ ಮನೆಯ ಅಕ್ವೇರಿಯಂ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರ. ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಮಗಳ ಹುಟ್ಟುಹಬ್ಬಕ್ಕೆ ಅಂತ ನಾಲ್ಕು ಗೋಲ್ಡ್ ಫಿಶ್ ತಂದು ಬಿಟ್ಟಿದ್ದೆವು. ಸ್ವಲ್ಪ ದಿನಕ್ಕೇ ನೀರು ಮಬ್ಬಾಗತೊಡಗಿತು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗೆ. ಹಿಂದಿನ ಗಾಜಿಗೆ ಅಂಟಿಸಿದ್ದ ಚಿತ್ರವೂ ಸರಿಯಾಗಿ ಕಾಣುತ್ತಿರಲಿಲ್ಲ.

ಕೊಳೆ ಅಂದರೆ ತೊಳೆಯಬೇಕು, ಅಲ್ವಾ? ನಾನೂ ಅದನ್ನೇ ಮಾಡಿದೆ. ಪ್ರತಿ ಭಾನುವಾರ ಮೀನುಗಳನ್ನು ಬಕೆಟ್‌ಗೆ ಹಾಕಿ, ನೀರನ್ನೆಲ್ಲ ಚೆಲ್ಲಿ, ಕಲ್ಲು ಉಜ್ಜಿ, ಫಿಲ್ಟರಿನ ಸ್ಪಂಜನ್ನು ಅಂಗಳದ ನಲ್ಲಿಯ ಕೆಳಗೆ ಹಿಡಿದು ಕಂದು ನೀರು ಬರುವುದು ನಿಲ್ಲುವ ತನಕ ಹಿಂಡುತ್ತಿದ್ದೆ. ಸಂಜೆಗೆ ತೊಟ್ಟಿ ಫಳಫಳ. ಬುಧವಾರಕ್ಕೆ ಮತ್ತೆ ಮಬ್ಬು. ಅಂಗಡಿಯವರು ನೀರು ತಿಳಿಯಾಗಲು ಒಂದು ಔಷಧಿ ಕೊಟ್ಟರು. ಅದೂ ಒಂದೆರಡು ದಿನದ ಮಾತಾಯಿತು.

ಒಂದು ದಿನ ಬೆಳಿಗ್ಗೆ ನೋಡಿದರೆ ನಾಲ್ಕೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದು ಸತ್ತಿತು. ಮಗಳು ಆವತ್ತು ಊಟ ಮಾಡಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಬಹಳ ವರ್ಷಗಳಿಂದ ಮೀನು ಸಾಕುವ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆತಂದೆ. ಅವರು ಮೊದಲು ಕೇಳಿದ್ದೇ, "ಸ್ಪಂಜು ಯಾವ ನೀರಲ್ಲಿ ತೊಳೀತೀಯಮ್ಮ?"

"ಹೊರಗಿನ ನಲ್ಲಿ ಅಂಕಲ್. ಕಾವೇರಿ ನೀರು."

"ಮೊಸರಿನ ಪಾತ್ರೆ ಉಜ್ಜಿ ತೊಳೆದು, ಹೆಪ್ಪು ಹಾಕ್ದೆ ಹಾಲು ಮೊಸರಾಗಲಿ ಅಂದ್ರೆ ಆಗುತ್ತಾ? ನೀನು ವಾರ ವಾರ ಹೆಪ್ಪನ್ನೇ ಚೆಲ್ತಾ ಇದ್ದೀಯ."

ಮೀನು ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ಅದರ ಹೇಲು, ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾನೇ. ಸ್ಪಂಜಿನ ಮೇಲೆ, ಕಲ್ಲುಗಳ ಮೇಲೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಮೊದಲ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಅಂದರೆ ಫಿಲ್ಟರ್ ಕಸ ಹಿಡಿಯುವ ಜರಡಿ ಮಾತ್ರ ಅಲ್ಲ, ಅದರೊಳಗೆ ಜೀವ ಇದೆ. ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಕ್ರಿಮಿ ಸಾಯಲಿ ಅಂತ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನನ್ನ ತೊಟ್ಟಿಯ ಆ ಬಿಳಿ ಮಬ್ಬು ಕೂಡ ಕೊಳೆ ಅಲ್ಲವಂತೆ. ನೀರಲ್ಲಿ ತೇಲುವ ಬೇರೆ ಜಾತಿಯ ಬ್ಯಾಕ್ಟೀರಿಯಾ, ನಾನು ಎಲ್ಲ ತೊಳೆದು ಹಾಕಿದಾಗೆಲ್ಲ ಒಮ್ಮೆಲೇ ಹೆಚ್ಚಿಕೊಳ್ಳುತ್ತಿದ್ದವು. (ನೀರು ಹಸಿರಾದರೆ ಅದು ಪಾಚಿ, ಬಿಸಿಲು ಜಾಸ್ತಿ ಬೀಳುತ್ತಿದೆ ಅಂತ. ಅದರ ಕಥೆ ಬೇರೆ.)

ಅಂಕಲ್ ತಮ್ಮ ಫಿಲ್ಟರಿನಿಂದ ಒಂದು ಹಿಡಿಯಷ್ಟು ಹಳೇ ಸ್ಪಂಜು ಕತ್ತರಿಸಿ ಕೊಟ್ಟರು. ಕಂದು ಬಣ್ಣ, ಲೋಳೆ ಲೋಳೆ. ಅದನ್ನು ನನ್ನ ಫಿಲ್ಟರಿನೊಳಗೆ ತುರುಕಿದೆ. ಹೀಗೆ ತರುವಾಗ ಅವರ ಮೀನುಗಳು ಆರೋಗ್ಯವಾಗಿವೆಯಾ ಅಂತ ನೋಡಿಕೊಳ್ಳಬೇಕು, ಇಲ್ಲದಿದ್ದರೆ ರೋಗವೂ ಜೊತೆಗೆ ಬರುತ್ತದೆ.

ಅಮೋನಿಯಾ ನೋಡುವ ಟೆಸ್ಟ್ ಕಿಟ್ ತಂದೆ. ನನ್ನ ಕಿಟ್‌ನಲ್ಲಿ ಹಳದಿ ಬಂದರೆ ಸರಿ, ಹಸಿರಾದಷ್ಟೂ ಅಪಾಯ. ಮೊದಲ ದಿನ ಕಡು ಹಸಿರು ಬಂತು. ದಿನಾ ಒಂದು ಬಕೆಟ್, ಅಂದರೆ ಕಾಲು ಭಾಗ ನೀರು ತೆಗೆದು ಹೊಸದು ಹಾಕಿದೆ. ಹೊಸ ನೀರಿಗೆ ಮೊದಲೇ ಆಂಟಿ ಕ್ಲೋರಿನ್ ಬೆರೆಸುತ್ತಿದ್ದೆ. ಆಹಾರ ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು. ಪಾಪ ಹಸಿದಿವೆ ಅಂತ ಮಗಳು ಹಠ ಮಾಡುತ್ತಿದ್ದಳು. ಸ್ಪಂಜನ್ನು ಮುಟ್ಟಲೇ ಇಲ್ಲ. ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮೂರು ವಾರ ಆದ ಮೇಲೆ ಹಳದಿ ಬಂತು. ಮಬ್ಬು ಅಷ್ಟರೊಳಗೇ ತಾನಾಗಿ ಹೋಗಿತ್ತು.

ಆಮೇಲೊಂದು ದಿನ ಮೋಟಾರು ಗುಂಯ್ ಅನ್ನುತ್ತಿತ್ತು, ನೀರು ಮಾತ್ರ ಸಣ್ಣಗೆ ಬರುತ್ತಿತ್ತು. ಮೋಟಾರು ಸುಟ್ಟಿದೆ ಅಂದುಕೊಂಡೆ. ಪ್ಲಗ್ ಕಿತ್ತು, ಬಿಚ್ಚಿ ನೋಡಿದರೆ ಒಳಗೆ ತಿರುಗುವ ಇಂಪೆಲ್ಲರ್‌ಗೆ ಉದ್ದ ಕೂದಲು ಸುತ್ತಿತ್ತು, ಸುತ್ತಲೂ ಲೋಳೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿದೆ, ಸರಿಹೋಯಿತು. ನಡುವಿನ ಕಡ್ಡಿ ಸೆರಾಮಿಕ್‌ದು, ಬಗ್ಗಿಸಿದರೆ ಟಕ್ಕಂತ ಮುರಿಯುತ್ತದೆ. ಮೆಲ್ಲಗೆ ಹೊರಗೆಳೆಯಿರಿ. ಫಿಲ್ಟರಿನ ವೈರು ಸಾಕೆಟ್‌ಗಿಂತ ಕೆಳಗೆ ಇಳಿದು ಮೇಲೆ ಹೋಗುವಂತೆ ಇರಲಿ. ಹಾಗಿದ್ದರೆ ವೈರಿನ ಮೇಲೆ ಹರಿದು ಬರುವ ನೀರು ಸಾಕೆಟ್‌ಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ.

ಮಳೆಗಾಲಕ್ಕೆ ಮುಂಚೆ ಕರೆಂಟಿನ ಬಗ್ಗೆಯೂ ಯೋಚಿಸಿ. ಸ್ಪಂಜಿನ ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು. ಗಂಟೆಗಟ್ಟಲೆ ಫಿಲ್ಟರ್ ನಿಂತರೆ ಅವು ಒಳಗೇ ಸತ್ತು ನಾರುತ್ತವೆ. ಕರೆಂಟ್ ಬಂದ ಕೂಡಲೇ ಆ ಕೊಳಕೆಲ್ಲ ತೊಟ್ಟಿಗೆ ಸುರಿಯುತ್ತದೆ. ಹೀಗಾಗಿ ತುಂಬ ಹೊತ್ತು ಕರೆಂಟ್ ಹೋಗಿದ್ದರೆ ನಾನು ಮೊದಲು ಸ್ಪಂಜು ಜಾಲಿಸಿ ಆಮೇಲೆ ಸ್ವಿಚ್ ಹಾಕುತ್ತೇನೆ. ಇನ್ವರ್ಟರ್ ಲೈನಿಗೆ ಸಣ್ಣ ಏರ್ ಪಂಪ್ ಕೊಟ್ಟು ಇನ್ನೊಂದು ಸ್ಪಂಜ್ ಫಿಲ್ಟರ್ ಕೂಡ ಇಟ್ಟಿದ್ದೇನೆ.

ಈಗ ತಿಂಗಳಿಗೊಮ್ಮೆ ಸ್ಪಂಜು ತೆಗೆಯುತ್ತೇನೆ. ತೊಟ್ಟಿಯಿಂದ ಹೊರತೆಗೆದ ನೀರಿನಲ್ಲೇ ಎರಡು ಸಲ ಹಿಂಡುತ್ತೇನೆ, ಅಷ್ಟೇ. ಮೈಸೂರಿನಲ್ಲಿ ತಮ್ಮ ಹೊಸದಾಗಿ ಅಕ್ವೇರಿಯಂ ಇಟ್ಟಿದ್ದಾನೆ. ಅವನಿಗೆ ಮೀನು ಇನ್ನೂ ತರಬೇಡ ಅಂದೆ. ನನ್ನ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ, ತೊಟ್ಟಿ ನೀರಿನ ಜೊತೆ ಡಬ್ಬಿಗೆ ಹಾಕಿಕೊಂಡು ಬೆಳಗಿನ ರೈಲಿಗೆ ಹೊರಟೆ.