ಟರ್ಬೊ ಟೈಮರ್ ಬಿಚ್ಚಿಟ್ಟ ಮೇಲಿನ 41 ಸಾವಿರ ಕಿಲೋಮೀಟರ್: ನನ್ನ ಅನುಭವ

ನನ್ನದು 1.8 ಲೀಟರಿನ, ಮ್ಯಾನುಯಲ್ ಗೇರಿನ, ಹಳೆಯ ಟರ್ಬೊ ಪೆಟ್ರೋಲ್ ಸೆಡಾನ್. ಟರ್ಬೊ ಎಂದರೆ ಇಂಜಿನ್ನಿನ ಬಿಸಿ ಹೊಗೆಯ ಬಲದಿಂದ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ; ಅದರ ಶಾಫ್ಟಿಗೆ ಇಂಜಿನ್ ಆಯಿಲೇ ಆಧಾರ. ಸುಮಾರು 84 ಸಾವಿರ ಕಿಲೋಮೀಟರಿಗೆ ಮೊದಲ ಟರ್ಬೊ ಕೈಕೊಟ್ಟಿತು. ಬಿಚ್ಚಿದಾಗ, ಆಯಿಲ್ ಒಯ್ಯುವ ಸಣ್ಣ ಪೈಪಿನ ಬಾಯಲ್ಲಿ, ಬ್ಯಾಂಜೊ ಬೋಲ್ಟಿನ (ಪೈಪನ್ನು ಟರ್ಬೊಗೆ ಕೂಡಿಸುವ, ಒಳಗೆ ಆಯಿಲ್ ಹರಿಯುವ ಬೋಲ್ಟು) ರಂಧ್ರದ ಸುತ್ತ, ಬಾಣಲೆಯ ತಳಕ್ಕೆ ಹಿಡಿದ ಕರಿಯಂತೆ ಇಂಗಾಲ ಗಟ್ಟಿಯಾಗಿ ಕೂತಿತ್ತು. ಸೂಜಿಯಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು. ಶಾಫ್ಟ್ ಬೆರಳಿಗೆ ಅಲುಗಾಡುತ್ತಿತ್ತು. ರೀಕಂಡಿಷನ್ ಮತ್ತು ಕೂಲಿ ಸೇರಿ 38 ಸಾವಿರ ರೂಪಾಯಿಯ ಆಸುಪಾಸು ಹೋಯಿತು.

ಆಗ ಕೇಳಿದವರೆಲ್ಲರೂ ಕೊಟ್ಟ ಸಲಹೆ ಒಂದೇ, ಟೈಮರ್ ಹಾಕಿಸಿ ಎಂಬುದು. ಕಾದ ಟರ್ಬೊದಲ್ಲಿ ನಿಂತ ಆಯಿಲ್ ಸುಟ್ಟು ಹೀಗೆ ಕರಿಗಟ್ಟದಿರಲೆಂದು, ಕೀ ತೆಗೆದ ಮೇಲೂ ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆಮೇಲೆ ತಾನೇ ಆಫ್ ಮಾಡುವ ಸಾಧನ ಅದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜಪಾನಿನ ಸೆಕೆಂಡ್ ಹ್ಯಾಂಡ್ ಟೈಮರ್ 6,500 ರೂಪಾಯಿಗೆ ಸಿಕ್ಕಿತು, ವೈರಿಂಗಿಗೆ ಇನ್ನೊಂದು 1,500. ಎಂಟು ತಿಂಗಳು ಬಳಸಿದೆ. ಕೀ ತೆಗೆದ ಮೇಲೂ ಇಂಜಿನ್ ಓಡುತ್ತಿರುವುದರಿಂದ ಅಲಾರಂ ಸೆಟ್ ಆಗುತ್ತಿರಲಿಲ್ಲ. ಗಾಡಿಯನ್ನು ಗೇರಿನಲ್ಲಿ ನಿಲ್ಲಿಸುವಂತಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಬರೀ ಹ್ಯಾಂಡ್‌ಬ್ರೇಕ್ ನಂಬಿ ಹೋಗುವುದಕ್ಕೆ ನನ್ನ ಮನಸ್ಸು ಒಮ್ಮೆಯೂ ಒಪ್ಪಲಿಲ್ಲ. ಮುಚ್ಚಿದ ಬೇಸ್‌ಮೆಂಟಿನಲ್ಲಿ ಹೊಗೆ ನಿಲ್ಲುವುದು ಬೇರೆ. ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಇಲ್ಲದೆ, ಇಂಜಿನ್ ಓಡುತ್ತಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಿಡುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ನಿಷೇಧಿಸುತ್ತದೆ ಎಂಬುದನ್ನೂ ಅಷ್ಟರಲ್ಲಿ ಓದಿಕೊಂಡಿದ್ದೆ. ಕೊನೆಗೆ ಇಗ್ನಿಷನ್ ವೈರಿನ ಜಾಯಿಂಟ್ ಸಡಿಲವಾಗಿ, ತುಮಕೂರು ರಸ್ತೆಯಲ್ಲಿ ಹಿಂದೆ ಲಾರಿ ಬರುತ್ತಿರುವಾಗಲೇ ಇಂಜಿನ್ ಆಫ್ ಆಯಿತು. ಅಂದೇ ಸಂಜೆ ಟೈಮರ್ ಕಿತ್ತೆ.

ಟೈಮರ್ ಇಲ್ಲದಿದ್ದರೆ ಈ ಟರ್ಬೊ ಕೂಡ ವರ್ಷದೊಳಗೆ ಹೋಗುತ್ತದೆ ಎಂದು ಗ್ಯಾರೇಜಿನ ಮೇಸ್ತ್ರಿ ಎಚ್ಚರಿಸಿದರು. ವಾದ ಮಾಡುವ ಬದಲು ಅಳೆದು ನೋಡೋಣ ಎಂದು ಎಸ್.ಪಿ. ರಸ್ತೆಯಿಂದ ಕೆ-ಟೈಪ್ ಥರ್ಮೊಕಪಲ್ (ತುದಿ ತಗುಲಿದ ಜಾಗದ ಬಿಸಿ ಅಳೆಯುವ ತಂತಿ) ಮತ್ತು ಮೀಟರ್ ತಂದೆ. ಎರಡೂ ಸೇರಿ 1,800 ರೂಪಾಯಿ. ಥರ್ಮೊಕಪಲ್ ತುದಿಯನ್ನು ಬೇರಿಂಗ್ ಹೌಸಿಂಗಿನ (ಟರ್ಬೊದ ಶಾಫ್ಟ್ ಕೂರುವ ನಡುಭಾಗ) ಯಾವ ಜಾಗದಲ್ಲಿ, ಏನು ಹಚ್ಚಿ ಕೂರಿಸಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಐದಾರು ಸಲ ಕಿತ್ತುಬಂದ ಮೇಲೆ ಕೈಗೆ ಹತ್ತಿದ ವಿದ್ಯೆ ಅದು.

ಅಳೆದ ಮೇಲೆ ತಿಳಿದ ಮುಖ್ಯ ಸಂಗತಿಯೆಂದರೆ, ಹೌಸಿಂಗ್ ಅತಿ ಹೆಚ್ಚು ಬಿಸಿಯಾಗುವುದು ಇಂಜಿನ್ ಆಫ್ ಮಾಡಿದ ಮೂರು ನಾಲ್ಕು ನಿಮಿಷಗಳ ನಂತರ, ಬಿಸಿ ಹೊಗೆ ಹಾಯುವ ಟರ್ಬೈನ್ ಕಡೆಯ ಬೀಡು ಕಬ್ಬಿಣದ ಕಾವು ಬೇರಿಂಗಿನತ್ತ ಹರಿದು ಬಂದಾಗ. ಹೆದ್ದಾರಿಯಲ್ಲಿ ಚೆನ್ನಾಗಿ ಓಡಿಸಿಕೊಂಡು ಬಂದು ನೆಲಮಂಗಲದ ಬಳಿ ಹೋಟೆಲಿಗೆ ತಿರುಗಿಸಿ ತಕ್ಷಣ ಆಫ್ ಮಾಡಿದರೆ 130 ಡಿಗ್ರಿಯಿದ್ದದ್ದು 210ರವರೆಗೆ ಏರಿತು. ಅದೇ ಓಟದ ನಂತರ ಇಂಜಿನ್ನನ್ನು ಒಂದು ನಿಮಿಷ ನಿಂತಲ್ಲೇ ಐಡ್ಲಿಂಗಿನಲ್ಲಿ ಓಡಲು ಬಿಟ್ಟು ಆಫ್ ಮಾಡಿದರೆ 165ಕ್ಕೆ ನಿಂತಿತು. ಕೊನೆಯ ಮೂರು ಕಿಲೋಮೀಟರನ್ನು ಐದನೇ ಗೇರಿನಲ್ಲಿ, 2,000 ಆರ್‌ಪಿಎಂ ಒಳಗೆ, ಬೂಸ್ಟ್ ಮುಳ್ಳು (ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವುದು) ಸೊನ್ನೆ ದಾಟದಂತೆ ಓಡಿಸಿ, ನಿಲ್ಲಿಸಿ 20 ಸೆಕೆಂಡಿಗೆ ಆಫ್ ಮಾಡಿದರೆ 140 ಕೂಡ ಮುಟ್ಟಲಿಲ್ಲ. ಆಯಿಲ್ ಮತ್ತು ಕೂಲಂಟ್ ಪಂಪುಗಳು ಐಡ್ಲಿಂಗಿಗಿಂತ ಜೋರಾಗಿ ತಿರುಗುತ್ತಿರುವಾಗ, ಬಾನೆಟ್ಟಿನೊಳಗೆ ಗಾಳಿಯೂ ಆಡುತ್ತಿರುವಾಗ, ನಿಂತಲ್ಲೇ ಓಡುವ ಇಂಜಿನ್ ಅದಕ್ಕೆ ಸಾಟಿಯಾಗಲಾರದು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಮನೆ ಸೇರಿದ ದಿನವಂತೂ ಟರ್ಬೊ ದಾರಿಯಲ್ಲೇ ತಣಿದಿರುತ್ತದೆ; ಅಂಥ ಗಾಡಿಯನ್ನು ಬೇಸ್‌ಮೆಂಟಿನಲ್ಲಿ ಮತ್ತೆರಡು ನಿಮಿಷ ಓಡಿಸುತ್ತಿದ್ದ ನನ್ನ ಟೈಮರ್ ಪೆಟ್ರೋಲ್ ಸುಟ್ಟಿದ್ದಷ್ಟೇ ಲಾಭ.

ನಡುವೆ, ಆಫ್ ಮಾಡಿದ ಮೇಲೆ ಐದು ನಿಮಿಷ ರೇಡಿಯೇಟರ್ ಫ್ಯಾನ್ ತಿರುಗುವಂತೆ ರಿಲೇ ಹಾಕಿಯೂ ನೋಡಿದೆ. ಎಂಟು ಹತ್ತು ಡಿಗ್ರಿ ಇಳಿಯಿತು, ಆದರೆ ಮೂರೇ ವಾರದಲ್ಲಿ ಬ್ಯಾಟರಿ ಸೊರಗಿತು, ತೆಗೆದುಹಾಕಿದೆ. ಆಯಿಲ್ ಪೈಪಿಗೆ ಸುತ್ತಿದ ಶಾಖನಿರೋಧಕ ತೋಳು ಮಾತ್ರ ಇಂದಿಗೂ ಇದೆ. ಆಯಿಲ್ 5ಡಬ್ಲ್ಯೂ-40 ಫುಲ್ ಸಿಂಥೆಟಿಕ್, ಏಳು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಬದಲಾವಣೆ. ಈ ಖರ್ಚಿನಲ್ಲಿ ಕೈಬಿಗಿ ಮಾಡಿದರೆ ಮೇಲೆ ಬರೆದ ಯಾವ ಕ್ರಮವೂ ಉಪಯೋಗಕ್ಕೆ ಬಾರದು.

ಟೈಮರ್ ಕಿತ್ತು 41 ಸಾವಿರ ಕಿಲೋಮೀಟರ್ ಕಳೆದ ಮೇಲೆ, ಅದೇ ಮೇಸ್ತ್ರಿಯ ಎದುರಿಗೆ ಅದೇ ಬ್ಯಾಂಜೊ ಬೋಲ್ಟನ್ನು ಬಿಚ್ಚಿಸಿದೆ. ರಂಧ್ರದ ಅಂಚಿನಲ್ಲಿ ಜೇನಿನ ಬಣ್ಣದ ತೆಳುಪದರ ಬಿಟ್ಟರೆ ಏನೂ ಇರಲಿಲ್ಲ, ಅದೂ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಅವರು ಶಾಫ್ಟನ್ನು ಎರಡು ಸಲ ಅಲುಗಿಸಿ ನೋಡಿ, "ಸರ್, ಆ ಮೀಟರ್ ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. ಆ ಪ್ರಶ್ನೆ ಕೊಟ್ಟ ಸಂತೋಷವನ್ನು ಮುಚ್ಚಿಡುವುದಿಲ್ಲ.

ಈ ಕ್ರಮ ನಡೆಯದ ಜಾಗವೆಂದರೆ ನಂದಿ ಬೆಟ್ಟ. ಏರು ಮುಗಿಯುವುದೂ ಪಾರ್ಕಿಂಗ್ ಸಿಗುವುದೂ ಒಟ್ಟಿಗೇ ಆದ್ದರಿಂದ ಅಲ್ಲಿ ಮೆಲ್ಲಗೆ ಓಡಿಸಲು ಮೂರು ಕಿಲೋಮೀಟರ್ ಇರುವುದಿಲ್ಲ. ಅಲ್ಲಿ ಮಾತ್ರ ಎಸಿ ಆಫ್ ಮಾಡಿ, ಕಿಟಕಿ ಇಳಿಸಿ, ಎರಡು ನಿಮಿಷ ಸೀಟಿನಲ್ಲೇ ಕೂತಿದ್ದು, ಆಮೇಲೆ ಕೀ ತಿರುಗಿಸುತ್ತೇನೆ. ಮೀಟರ್ 150ರ ಆಸುಪಾಸಿನಲ್ಲೇ ನಿಲ್ಲುತ್ತದೆ.