ನಮ್ಮನೆಯವರಿಗೆ ಒಂದು ಪದ್ಯ: ನಾನು ಬರೆದದ್ದು ಹೀಗೆ

ನಮ್ಮನೆಯವರ ಹುಟ್ಟಿದಹಬ್ಬಕ್ಕೆ ಪದ್ಯ ಬರೆದುಕೊಟ್ಟೆ ಅಂತ ಗೊತ್ತಾದ ಮೇಲೆ ತಂಗಿ, ನಾದಿನಿ, ಆಚೆಮನೆ ಅತ್ತಿಗೆ ಎಲ್ಲರೂ ಹೇಗೆ ಬರೆದೆ, ನಮಗೂ ಹೇಳಿಕೊಡು ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಹೈಸ್ಕೂಲಿನಲ್ಲಿ ಕಲಿತ ಛಂದಸ್ಸು ಸ್ವಲ್ಪ ನೆನಪಿದೆ, ಪದ್ಯ ಓದುವುದು ಮೊದಲಿಂದ ಇಷ್ಟ. ನನ್ನ ಹತ್ತಿರ ಇದ್ದ ಬಂಡವಾಳ ಇಷ್ಟೇ.

ಪ್ರೀತಿಯ ಪದ್ಯ ಅಂದ ಕೂಡಲೇ ಚಂದಿರ, ಮಲ್ಲಿಗೆ, ಜೇನು, ಮುಂಗಾರು ಎಲ್ಲ ತಾವಾಗಿಯೇ ಬಂದು ಕೂರುತ್ತವೆ. ನಾನು ಅವನ್ನು ಒಳಗೆ ಬಿಡಲಿಲ್ಲ. ಒಂದು ಸಾಲು ಬರೆದ ಮೇಲೆ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ: ಇದನ್ನು ಬೇರೆ ಯಾರ ಗಂಡನಿಗಾದರೂ ಕೊಡಬಹುದಾ? ಕೊಡಬಹುದು ಅನಿಸಿದರೆ ಆ ಸಾಲು ಹೊಡೆದುಹಾಕುತ್ತಿದ್ದೆ. ಚೆನ್ನಾಗಿರುವ ಸಾಲುಗಳೂ ಹೀಗೆ ಹೋದವು. ಹೋಗಲಿ, ಇವರಿಗೆ ಸಲ್ಲದ ಸಾಲು ಚೆನ್ನಾಗಿದ್ದು ಏನು ಪ್ರಯೋಜನ?

ಹಾಗಾಗಿ ಮೊದಲು ಪದ್ಯ ಬರೆಯಲು ಹೋಗಲೇ ಇಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಅವರ ಬಗ್ಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದಿಡುತ್ತಾ ಹೋದೆ. ಮಳೆ ಸುರಿಯುವಾಗ ಅಂಗಳದ ತುದಿಗೆ ಹೋಗಿ ಗುಡ್ಡದ ಕಡೆ ನೋಡಿ "ಇನ್ನರ್ಧ ಗಂಟೆಗೆ ಹೊಳವಾಗತ್ತೆ", ಅಂದರೆ ಮಳೆ ಬಿಡತ್ತೆ, ಅನ್ನುವುದು. ಕಾಫಿ ಲೋಟ ಕೊಟ್ಟರೆ ಮೊದಲು ಎರಡೂ ಕೈ ಬೆಚ್ಚಗೆ ಮಾಡಿಕೊಂಡು ಆಮೇಲೆ ಕುಡಿಯುವುದು. ನಾನು ತವರಿಗೆ ಹೋದರೆ ಫೋನಿನಲ್ಲಿ ದನ, ಕರು, ನಾಯಿ ಎಲ್ಲದರ ಸುದ್ದಿ ಹೇಳಿ ಮುಗಿಸಿ, ಇನ್ನೇನು ಇಡಬೇಕು ಅನ್ನುವಾಗ "ಯಾವಾಗ ಬರ್ತೀಯ" ಅಂತ ಕೇಳುವುದು. ಇವನ್ನು ಬರೆಯುವಾಗ ಪ್ರಾಸ, ಲಯ ಯಾವುದನ್ನೂ ನೋಡಲಿಲ್ಲ. ಸುಮ್ನೆ ಗದ್ಯದಲ್ಲಿ, ಇದ್ದದ್ದು ಇದ್ದಹಾಗೆ.

ಆ ಪುಟದಿಂದ ಪದ್ಯಕ್ಕೆ ದಾರಿ ತೋರಿಸಿದ್ದು ಅವರ ಒಂದು ಹಳೆ ಅಂಗಿ. ಅಡಿಕೆಗೆ ಬರುವ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಹಾಕಿಕೊಳ್ಳುವ ಅಂಗಿ ಅದು. ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಅದೇ ಬೋರ್ಡೋ ದ್ರಾವಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಹೊಡೆದರೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಯಬೇಕು. ಅಷ್ಟು ಹೊತ್ತಿಗೆ ಪುನರ್ವಸು ಮಳೆ ಜಡಿಯುತ್ತಿರುತ್ತದೆ, ಹೊಳವು ಸಿಗುವುದೇ ಕಷ್ಟ. ಅವರ ಹುಟ್ಟಿದಹಬ್ಬವೂ ಆಗಲೇ ಬರುತ್ತದೆ. ಆ ಅಂಗಿಯನ್ನು ಒಗೆಯಲು ಹಾಕಿದವಳು ಹಾಗೇ ನೋಡುತ್ತಾ ನಿಂತೆ. ಬಲಗೈ ತೋಳಿನಲ್ಲಿ ತುತ್ತದ ಕಲೆ ಜಾಸ್ತಿ. ದೋಟಿಯ ಉದ್ದ ಕೋಲು ಎತ್ತಿ ಹಿಡಿದಾಗ ಔಷಧಿ ಕೈ ಮೇಲೆಯೇ ಇಳಿಯುತ್ತದಲ್ಲ, ಅದಕ್ಕೆ. ಮಣಿಕಟ್ಟಿನ ಹತ್ತಿರ ಗಟ್ಟಿ ನೀಲಿ, ಮೊಣಕೈ ಕಡೆ ಬರುತ್ತಾ ತಿಳಿಯಾಗಿ ಚುಕ್ಕಿ ಚುಕ್ಕಿ, ಹೆಗಲ ಹತ್ತಿರ ಸುಣ್ಣದ ಬಿಳಿ ಮಾತ್ರ. ಗುಂಡಿ ಒಂದು ಬೇರೆ ಬಣ್ಣದ್ದು, ನಾನೇ ಹೊಲಿದದ್ದು. ಈ ಮನುಷ್ಯನನ್ನು ನಾನು ಎಷ್ಟು ಇಷ್ಟಪಡುತ್ತೇನೆ ಅಂತ ಆ ತೋಳು ನೋಡಿದಾಗ ಗೊತ್ತಾದಷ್ಟು ಬೇರೆ ಯಾವಾಗಲೂ ಗೊತ್ತಾಗಿರಲಿಲ್ಲ. ಅಲ್ಲಿಂದಲೇ ಮೊದಲ ಸಾಲು ಬಂತು.

ಆಮೇಲೆ ಲಯದ ಕೆಲಸ. ಇದಕ್ಕೆ ಹೆದರಬೇಕಾಗಿಲ್ಲ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಗೆ ಮಾತ್ರೆ ಅನ್ನುತ್ತಾರೆ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ, ಸೊನ್ನೆ ಇರುವ ಅಕ್ಷರಕ್ಕೂ ಎರಡು. ಲೆಕ್ಕ ಇಷ್ಟೇ, ಬೆರಳಲ್ಲಿ ಎಣಿಸಬಹುದು. ಆದರೆ ಎಣಿಸುವುದಕ್ಕಿಂತ ಕೇಳಿ ಅಭ್ಯಾಸ ಆಗಿದ್ದರೆ ಬೇಗ ಬರುತ್ತದೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿಯ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕ ಕೇಳುತ್ತಾ ಕೂತರೆ ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಪದ್ಯದ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ನಡಿಗೆ ತಾನಾಗಿಯೇ ಕಿವಿಗೆ ಹತ್ತುತ್ತದೆ. ನನಗೆ ಹತ್ತಿದ್ದೂ ಹಾಗೆಯೇ.

ನಮ್ಮ ಕಡೆಯ ಊರಿನ ಹೆಸರುಗಳನ್ನು ಸೇರಿಸಲು ಹೊರಟರೆ ಇನ್ನೊಂದು ಗಮ್ಮತ್ತು ಗೊತ್ತಾಗುತ್ತದೆ. ಶಿವಮೊಗ್ಗ, ಆಗುಂಬೆ ಎರಡೂ ಐದು ಮಾತ್ರೆ. ತೀರ್ಥಹಳ್ಳಿ ಮೂರು ಮೂರಾಗಿ ಒಡೆಯುತ್ತದೆ. ಮಂಡಗದ್ದೆಯ ಅಂದರೆ ಮೂರು ನಾಲ್ಕು, ಸೀದಾ ಭಾಮಿನಿಯ ನಡಿಗೆ. ನನ್ನ ಪದ್ಯ ನಾಲ್ಕು ನಾಲ್ಕು ಮಾತ್ರೆಯಲ್ಲಿ ನಡೆಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸಿನಲ್ಲಿ ಬರುತ್ತಾ ಮಂಡಗದ್ದೆಯಲ್ಲಿ ಇಳಿದುಬಿಟ್ಟಿದ್ದೆವು. ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್, ರಸ್ತೆ ಪಕ್ಕದಲ್ಲೇ ತುಂಗೆ, ನದಿ ನಡುವಿನ ಗಿಡಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟುತ್ತವೆ. ಅವತ್ತು ಹಕ್ಕಿಗಳ ಗಲಾಟೆಗೆ ನಾನು ಹೇಳಿದ್ದು ಅವರಿಗೆ ಕೇಳಿಸದೆ, ಸುಮ್ಮನೆ ನಗುತ್ತಾ ನಿಂತಿದ್ದರು. ಇದು ಪದ್ಯದಲ್ಲಿ ಬರಲೇಬೇಕಿತ್ತು. ಊರಿನ ಹೆಸರು ನನ್ನ ಲಯಕ್ಕೆ ಕೂರುವುದಿಲ್ಲ ಅಂದಮೇಲೆ ಹೆಸರು ಬಿಟ್ಟೆ, ಜಾಗವನ್ನು ಉಳಿಸಿಕೊಂಡೆ:

ತುಂಗೆಯ ನಡುವಿನ ಗಿಡಗಳ ತುಂಬಾ
ಬೆಳ್ಳಕ್ಕಿ ಗಲಾಟೆ, ನಿಮಗೆ ನಗು

ಬೇರೆ ಯಾರಾದರೂ ಓದಿದರೆ ಇದು ಎಲ್ಲಿ, ಯಾವಾಗ ಅಂತ ಗೊತ್ತಾಗುವುದಿಲ್ಲ. ಅವರಿಗೆ ಗೊತ್ತಾಗುತ್ತದೆ, ಸಾಕು.

ಲಯ ತುಂಬಿಸಲು ತೋಟದಲಿ, ನಿಮ್ಮಯ, ಬಂದಿಹೆನು ಅಂತ ಸೇರಿಸಿದರೆ ಮಾತ್ರೆಯೇನೋ ಸರಿಹೋಗುತ್ತದೆ. ಆದರೆ ನಮ್ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಪದ್ಯ ಓದುವಾಗ ಎದುರಿಗೆ ಕೂತವರಿಗೆ ನನ್ನ ದನಿಯೇ ಕೇಳಬೇಕು. ಅದಕ್ಕೆ ಆಡುಮಾತಿನಲ್ಲೇ ಮಾತ್ರೆ ಹುಡುಕಿದೆ. ಹುಡುಕಿದರೆ ಸಿಗುತ್ತದೆ. ಹೋಗದು ಅನ್ನುವ ಕಡೆ ಹೋಗಲ್ಲ ಅಂತ, ಬರುವೆನು ಅನ್ನುವ ಕಡೆ ಬರ್ತೇನೆ ಅಂತ ಇಟ್ಟು ನೋಡಿದೆ. ಲಯ ಕೆಡಲಿಲ್ಲ. ಹಾಗೆಯೇ, ಪ್ರೇಮಗೀತೆ ಅಂದರೆ ಗಂಡನನ್ನು ನೀನು ಅನ್ನಬೇಕು ಅಂತ ತಂಗಿಯ ವಾದ. ನಾನು ಅವರಿಗೆ ಹೇಳುವುದು ನೀವು ಅಂತ, ಪದ್ಯದಲ್ಲೂ ಹಾಗೇ ಬರೆದೆ. ಇಷ್ಟು ವರ್ಷ ಕರೆದ ಹಾಗೆ ಕರೆದರೇ ಅಲ್ವಾ ಹತ್ತಿರ ಅನಿಸುವುದು?

ಅಂಗಿಯ ಪದ್ಯ ಕೊನೆಗೆ ಹೀಗಾಯಿತು:

ತುತ್ತದ ನೀಲಿಯ ಹಳೆಯಂಗಿಯ ಕೈ
ಒಗೆದರೆ ಹೋಗಲ್ಲ, ಇರಲಿ ಬಿಡಿ
ಮಳೆ ಹೊಳವಾದರೆ ತೋಟದ ದಾರಿಗೆ
ನಾನೂ ಬರ್ತೇನೆ, ಕೂಗಿಬಿಡಿ

ಪ್ರಾಸ ಎರಡನೇ ಸಾಲಿಗೂ ನಾಲ್ಕನೇ ಸಾಲಿಗೂ ಮಾತ್ರ. ಎಲ್ಲ ಸಾಲಿಗೂ ಪ್ರಾಸ ಹಾಕಲು ಹೋದರೆ ಪ್ರಾಸ ಎಳೆದ ಕಡೆ ಅರ್ಥ ಹೋಗುತ್ತದೆ. "ನಿಮ್ಮನ್ನು ಪ್ರೀತಿಸುತ್ತೇನೆ" ಅಂತ ಎಲ್ಲೂ ಬರೆಯಲಿಲ್ಲ. ತೋಟಕ್ಕೆ ನಾನೂ ಬರ್ತೇನೆ ಅಂದದ್ದರಲ್ಲೇ ಅದು ಬಂತು ಅಂತ ನನ್ನ ನಂಬಿಕೆ. ಇಡೀ ಪದ್ಯ ಒಂದು ಪುಟವನ್ನೂ ದಾಟಲಿಲ್ಲ, ಉದ್ದ ಬೇಕಾಗಿಯೂ ಇರಲಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ. ನಾನು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾ ಓದಿಕೊಳ್ಳುತ್ತಿದ್ದೆ, ಆ ಹೊತ್ತಿಗೆ ಅಲ್ಲಿ ಯಾರೂ ಬರುವುದಿಲ್ಲ. ನಾಲಿಗೆ ತಡವರಿಸಿದ ಕಡೆ ಏನೋ ಸರಿಯಿಲ್ಲ ಅಂತಲೇ ಅರ್ಥ. ಆಮೇಲೆ ಒಳ್ಳೆ ಕಾಗದದ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಿರಿ. ಮಳೆಗಾಲದ ಥಂಡಿಗೆ ಶಾಯಿ ಹರಡುತ್ತದೆ. ಸ್ಟೇಟಸ್ಸಿಗೆ ಹಾಕಲೇಬೇಡಿ. ಒಬ್ಬರಿಗೆ ಅಂತ ಬರೆದದ್ದನ್ನು ಊರೆಲ್ಲ ಓದಿ ಮುಗಿಸಿದ ಮೇಲೆ ಅವರಿಗೆ ಕೊಟ್ಟರೆ ಅದಕ್ಕೇನು ಬೆಲೆ? ಇಲ್ಲಿ ಹಾಕಿರುವ ಸಾಲುಗಳನ್ನೂ ಅವರನ್ನು ಕೇಳಿಯೇ ಹಾಕಿದ್ದೇನೆ. ಉಳಿದದ್ದು ನಮ್ಮಿಬ್ಬರಿಗೇ ಇರಲಿ.

ಅತ್ತೆ ಮಾವ ಮಲಗಿದ ಮೇಲೆ ನಾನೇ ಓದಿ ಹೇಳಿದೆ. ಕರೆಂಟು ಇರಲಿಲ್ಲ, ಮೊಬೈಲ್ ಬೆಳಕಿನಲ್ಲಿ ಓದಿದ್ದು. ಇನ್ನೊಂದ್ಸಲ ಓದು ಅಂದರು. ಓದಿದೆ. ಆಮೇಲೆ ಕಾಗದ ಇಸ್ಕೊಂಡು ತಾವೇ ಓದಿದರು. ಹೆಚ್ಚು ಮಾತಿನವರಲ್ಲ ಅವರು, ಚೆನ್ನಾಗಿದೆ ಅಂತ ಸಹ ಹೇಳಲಿಲ್ಲ. ಮಾರನೇ ದಿನ ಮಧ್ಯಾಹ್ನ ಹೊಳವಾಯಿತು. ನಾನು ಪಾತ್ರೆ ತೊಳೆಯುತ್ತಿದ್ದೆ. ದಣಪೆ (ಬೇಲಿಯ ಬಾಗಿಲು) ಹತ್ತಿರ ನಿಂತು "ಏ, ಬರ್ತೀಯೇನೇ ತೋಟಕ್ಕೆ?" ಅಂತ ಕೂಗಿದರು. ಅವರು ಹಾಗೆ ಕೂಗಿ ಕರೆದದ್ದು ಅದೇ ಮೊದಲು. ಕೈ ಒರೆಸಿಕೊಂಡು ಹೊರಟೆ.

ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿರುವ ಚಿಕ್ಕಮ್ಮನ ಮಗ ಫೋನ್ ಮಾಡಿ "ಅಕ್ಕಾ, ನಮ್ಮ ಹುಡುಗಿಗೂ ಒಂದು ಬರೆದುಕೊಡು" ಅಂತ ಹಿಂದೆ ಬಿದ್ದಿದ್ದಾನೆ. ನಾನು ಬರೆದರೆ ಅದು ನನ್ನ ಪದ್ಯ ಆಗತ್ತೆ ಕಣೋ, ಅವಳು ಏನೇನು ಮಾಡ್ತಾಳೆ ಹೇಳು ಅಂದೆ. ಚೆನ್ನಾಗಿ ನಗ್ತಾಳೆ ಅಂದ. ಎಲ್ಲರೂ ನಗ್ತಾರೆ, ಬೇರೆ ಹೇಳು ಅಂದೆ. ಕಣ್ಣು ಚೆನ್ನಾಗಿದೆ ಅಂದ. ಅದೂ ಬೇಡ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಸ್ಸಲ್ಲಿ ಟಿಕೆಟ್ ತಗೊಂಡ್ರೆ ಸುರುಳಿ ಮಾಡಿ ಉಂಗುರದ ಒಳಗೆ ಸಿಗಿಸ್ಕೊಳ್ತಾಳೆ ಅಕ್ಕಾ, ಇಳಿದ ಮೇಲೂ ತೆಗೆಯೋಕೆ ಮರೀತಾಳೆ, ನಾನೇ ತೆಗೀಬೇಕು" ಅಂದ. ಅಲ್ಲಿಂದ ಶುರು ಮಾಡು ಅಂತ ಹೇಳಿ ಫೋನ್ ಇಟ್ಟೆ.