ಕಟ್ಟಡಕ್ಕೆ ಉಕ್ಕು ಬಳಸುವಾಗ ಪರಿಸರದ ಲೆಕ್ಕ ಹಾಕುವುದು ಹೇಗೆ?

ಉಕ್ಕನ್ನು ಎಷ್ಟು ಸಲ ಕರಗಿಸಿದರೂ ಮತ್ತೆ ಉಕ್ಕಾಗಿಯೇ ಬಳಸಬಹುದು ಎಂಬುದು ನಿಜ. ಆದರೆ ಅದೊಂದನ್ನೇ ನೆಚ್ಚಿಕೊಂಡು ಅದು ಪರಿಸರಕ್ಕೆ ಹಿತವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಕಬ್ಬಿಣದ ಅದಿರಿನಲ್ಲಿರುವ ಆಮ್ಲಜನಕವನ್ನು ಬೇರ್ಪಡಿಸಲು ಊದುಕುಲುಮೆಗೆ (ಬಿಸಿಗಾಳಿ ಊದಿ ಅದಿರನ್ನು ಕರಗಿಸುವ ಕುಲುಮೆ) ಕೋಕ್, ಅಂದರೆ ಕಲ್ಲಿದ್ದಲಿನಿಂದ ತಯಾರಿಸಿದ ಇಂಧನ, ಹಾಕಬೇಕಾಗುವುದರಿಂದ, ಆ ದಾರಿಯಲ್ಲಿ 1 ಟನ್ ಉಕ್ಕು ತಯಾರಾಗುವಷ್ಟರಲ್ಲಿ 2 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಈ ಹೊರೆ ಬಹಳ ಇಳಿಯುತ್ತದೆ. ಖರೀದಿಗೆ ಮುನ್ನ ಉಕ್ಕು ಯಾವ ಕುಲುಮೆಯದು, ಅದರಲ್ಲಿ ಗುಜರಿಯ ಪಾಲೆಷ್ಟು ಎಂದು ತಯಾರಕರನ್ನು ಲಿಖಿತವಾಗಿ ಕೇಳಿ.

ಆದರೆ ಜಗತ್ತಿನ ಬೇಡಿಕೆಯನ್ನು ಪೂರೈಸುವಷ್ಟು ಗುಜರಿ ಇಲ್ಲ. ಹಾಗಾಗಿ ಉಕ್ಕಿನ ಪ್ರಮಾಣವನ್ನೇ ತಗ್ಗಿಸುವುದು ನನ್ನ ದೃಷ್ಟಿಯಲ್ಲಿ ಮೊದಲ ಕರ್ತವ್ಯ. ಉದ್ದಕ್ಕೂ ಒಂದೇ ಸಮನಾಗಿ ಭಾರ ಹೊತ್ತ ತೊಲೆಯ ಆಧಾರಗಳ ನಡುವಿನ ಅಂತರ ಎರಡು ಪಟ್ಟಾದರೆ, ಅದನ್ನು ಬಾಗಿಸುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಕೋಣೆಯ ಬಳಕೆಗೆ ಅಡ್ಡಿಯಾಗದ ಕಡೆ ಇನ್ನೊಂದು ಕಂಬ ನಿಲ್ಲಿಸಿದರೆ ತೊಲೆಯ ತೂಕ ಎಷ್ಟು ಇಳಿಯುತ್ತದೆಂದು ಎಂಜಿನಿಯರರಿಂದ ಲೆಕ್ಕ ಹಾಕಿಸಿ ನೋಡಿ.

ಜೋಡಣೆಗೆ ಸಾಧ್ಯವಿದ್ದಲ್ಲೆಲ್ಲ ಬೆಸುಗೆಯ ಬದಲು ಬೋಲ್ಟುಗಳನ್ನು ಆರಿಸಿ. ಬೆಸೆದ ತೊಲೆಯನ್ನು ಬಿಡಿಸಲು ಗ್ಯಾಸ್ ಕಟರಿನಿಂದ ತುದಿಯನ್ನು ಕೊಯ್ಯಬೇಕು. ಉದ್ದ ಕಡಿಮೆಯಾದ ಆ ತುಂಡು ಹೆಚ್ಚಾಗಿ ನೇರ ಗುಜರಿಗೇ ಹೋಗುತ್ತದೆ. ಬೋಲ್ಟು ಬಿಚ್ಚಿ ಇಳಿಸಿದ ತೊಲೆಯನ್ನಾದರೆ, ಪರೀಕ್ಷಿಸಿದ ಮೇಲೆ, ಕರಗಿಸದೆಯೇ ಇನ್ನೊಂದು ಕಟ್ಟಡಕ್ಕೆ ಏರಿಸಬಹುದು. ಉಕ್ಕಿನ ದರ್ಜೆ ತಿಳಿಸುವ ಪತ್ರಗಳನ್ನೂ ನಕ್ಷೆಗಳನ್ನೂ ಇದಕ್ಕಾಗಿಯೇ ಜೋಪಾನ ಮಾಡಬೇಕು.

ತುಕ್ಕಿನ ವಿಷಯದಲ್ಲಿ ಕಂಬದ ಬುಡವನ್ನು ವಿಶೇಷವಾಗಿ ಗಮನಿಸಿ. ನೆಲದ ನೀರು ತಳದ ತಗಡಿನ ಸುತ್ತ ನಿಂತರೆ ಮೊದಲು ಬಣ್ಣ ಗುಳ್ಳೆಯೇಳುತ್ತದೆ, ಆಮೇಲೆ ಉಕ್ಕು ಪದರಪದರವಾಗಿ ಕಳಚುತ್ತದೆ. ಬುಡವನ್ನು ನೆಲಮಟ್ಟಕ್ಕಿಂತ ಸ್ವಲ್ಪ ಎತ್ತರಿಸಿ, ನೀರು ಹರಿದುಹೋಗುವಂತೆ ಇಳಿಜಾರು ಕೊಡಿ. ಸತುವಿನ ಲೇಪನವಿದ್ದರೆ ಸಣ್ಣ ಗೀರು ಬಿದ್ದಲ್ಲಿಯೂ ಸತುವೇ ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಕಾಂಕ್ರೀಟಿನೊಳಗಿನ ಕಂಬಿಗಳಿಗೆ ನಕ್ಷೆಯಲ್ಲಿ ಸೂಚಿಸಿದಷ್ಟು ದಪ್ಪದ ಕಾಂಕ್ರೀಟ್ ಹೊದಿಕೆ ಸಿಗದಿದ್ದರೆ, ತುಕ್ಕು ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ.

ಕಟ್ಟಡವನ್ನು ಕೆಡವುವಾಗ ತಾಮ್ರದ ತಂತಿಗಳನ್ನು ಮೊದಲೇ ಬೇರ್ಪಡಿಸಿಡಿ. ಕರಗಿದ ಉಕ್ಕಿನಲ್ಲಿ ಬೆರೆತ ತಾಮ್ರವನ್ನು ಹೊರತೆಗೆಯುವುದು ಬಹಳ ಕಷ್ಟ, ಅದು ಹೆಚ್ಚಾದರೆ ಕಾಯಿಸಿದ ಉಕ್ಕನ್ನು ಉರುಳೆಗಳ ನಡುವೆ ಒತ್ತಿ ಹಾಸುವಾಗ ಅದರ ಮೇಲ್ಮೈ ಬಿರಿಯುತ್ತದೆ.